ಬಣ್ಣದ ಆಟ ನಡೆಯುವುದು ಎಲ್ಲಿಯವರೆಗೆ?

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿ ಮಾರುವುದನ್ನೂ ನಿಷೇಧಿಸಿತು. ರಾಜ್ಯದ ನಾನಾ ಕಡೆಯಿಂದ ತಂದು ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ, 25 ಮಿಠಾಯಿ ಮಾದರಿಗಳ ಪೈಕಿ 15ರಲ್ಲಿ ಆರೋಗ್ಯಕ್ಕೆ ಸಲ್ಲದ ಬಣ್ಣ ಸಿಕ್ಕಿತ್ತು. ಸಿಕ್ಕ ಬಣ್ಣಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಕೂಡ ಒಂದು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಷೇಧ ಬಂತು. ಆರೋಗ್ಯದ ಚರ್ಚೆ ಸಾಕಷ್ಟು ನಡೆಯಿತು, ನಡೆಯಬೇಕಾದದ್ದೇ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆಯಿತ್ತು. ಚಿಟಿಕೆ ಪುಡಿಯಿಂದ ಗೋಬಿಯ ರುಚಿ ಹೆಚ್ಚುವುದಿಲ್ಲ, ಪರಿಮಳ ಬರುವುದಿಲ್ಲ, ಹೂಕೋಸು ಬೇಗ ಬೇಯುವುದೂ ಇಲ್ಲ. ಹಾಗಿದ್ದರೆ ಗಾಡಿಯವರು ದುಡ್ಡು ಕೊಟ್ಟು ಅದನ್ನು ಯಾಕೆ ಹಾಕುತ್ತಿದ್ದರು?

ಕೆಂಪಗಿದ್ದರೆ ನಾವು ಕೊಳ್ಳುತ್ತೇವೆ ಎಂದು. ತಟ್ಟೆ ಕೈಗೆ ಬರುವ ಮೊದಲೇ ಖಾರ ಎಷ್ಟಿದೆ, ಮಸಾಲೆ ಹಿಡಿದಿದೆಯೇ ಎಂದು ಕಣ್ಣು ತೀರ್ಮಾನಿಸಿಬಿಟ್ಟಿರುತ್ತದೆ. ಹೋಟೆಲಿನ ಕೇಸರಿಬಾತನ್ನು ಬಣ್ಣ ಹಾಕದೆ ತಂದಿಟ್ಟರೆ ಅದೇ ರವೆ, ಅದೇ ತುಪ್ಪ, ಅದೇ ಸಕ್ಕರೆಯಿದ್ದರೂ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ. ಇದು ಬರೀ ಬಾಯಿಚಪಲದ ಮಾತಲ್ಲ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ವೈನ್ ತಯಾರಿಕೆಯನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನ್ ಇಟ್ಟು ಅದರ ಪರಿಮಳ ವರ್ಣಿಸುವಂತೆ ಕೇಳಿದ್ದರು. ಅದೇ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಕೆಂಪು ವೈನಿಗೆ ಮಾತ್ರ ಬಳಸುವ ವಿವರಣೆಗಳೇ ಅವರ ಹಾಳೆಯ ತುಂಬ ಬಂದವು. 2001ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮೋಸಹೋದವರು ದಾರಿಹೋಕರಲ್ಲ, ಮೂಗನ್ನೇ ಪಳಗಿಸಿಕೊಳ್ಳುತ್ತಿದ್ದವರು. ಗಮನಿಸಬೇಕಾದದ್ದು ಇಲ್ಲೇ ಇದೆ. ಕೆಂಪು ವೈನ್ ಹೀಗಿರುತ್ತದೆ ಎಂದು ಕಲಿತಿದ್ದರಿಂದಲೇ ಅವರು ಹಾಗೆ ಬರೆದರು. ಬಣ್ಣ ಅವರ ಕಲಿಕೆಯನ್ನು ಎಬ್ಬಿಸಿತು, ಉಳಿದ ಕೆಲಸವನ್ನು ಕಲಿಕೆಯೇ ಮಾಡಿತು.

ಬಣ್ಣ ಮನುಷ್ಯನ ಮೇಲೆ ಏನು ಮಾಡುತ್ತದೆ ಎಂಬ ವಿಷಯದಲ್ಲಿ ಗಟ್ಟಿ ಕಾಳಿನಷ್ಟೇ ಜೊಳ್ಳೂ ಇದೆ. ಕೆಂಪು ಗೋಡೆ ಸಿಟ್ಟು ತರಿಸುತ್ತದೆ, ನೀಲಿ ಮನಸ್ಸಿಗೆ ತಂಪು, ಹಸಿರು ಕೋಣೆಯಲ್ಲಿ ಓದಿದರೆ ಅಂಕ ಜಾಸ್ತಿ ಎಂಬ ಮಾತುಗಳನ್ನು ಪೇಂಟ್ ಅಂಗಡಿಯಲ್ಲೂ ಕೇಳುತ್ತೇವೆ, ಟಿವಿಯಲ್ಲೂ ಕೇಳುತ್ತೇವೆ. ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಕೇರಿ ನೋಡುವುದೇ ಈ ಲೇಖನದ ಕೆಲಸ.

ಬೆಳಕಿನ ಕಿರಣಗಳಿಗೆ ತಮ್ಮದೇ ಬಣ್ಣವಿಲ್ಲ ಎಂದು 1704ರ ‘ಆಪ್ಟಿಕ್ಸ್’ ಗ್ರಂಥದಲ್ಲೇ ನ್ಯೂಟನ್ ಹೇಳಿದ್ದ. ಬಣ್ಣದ ಅನುಭವ ಹುಟ್ಟಿಸುವ ಗುಣವಷ್ಟೇ ಕಿರಣಕ್ಕಿದೆ, ಬಣ್ಣ ಆಗುವುದು ನಮ್ಮೊಳಗೆ. ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಘಟಕಗಳಿವೆ ಎಂಬ ಊಹೆಯನ್ನು 1802ರಲ್ಲಿ ಥಾಮಸ್ ಯಂಗ್ ಮುಂದಿಟ್ಟ. 1964ರಲ್ಲಿ ಅಮೆರಿಕದ ಪ್ರಯೋಗಾಲಯಗಳು ಆ ಮೂರು ಬಗೆಯ ಶಂಕುಕೋಶಗಳನ್ನು ಅಳೆದು ತೋರಿಸಿದವು. ಒಂದೊಂದು ಕೋಶಕ್ಕೂ ಒಂಟಿಯಾಗಿ ಬಣ್ಣ ತಿಳಿಯುವುದಿಲ್ಲ. ಮೂರೂ ಕೊಡುವ ಸುದ್ದಿಯನ್ನು ಮಿದುಳು ತಾಳೆ ನೋಡಿ ಇದು ಹಳದಿ, ಇದು ನೇರಳೆ ಎಂದು ನಿರ್ಧರಿಸುತ್ತದೆ. ನಮ್ಮ ಬೆಂಗಳೂರಿನಲ್ಲೇ ಕುಳಿತು ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳ ದೊಡ್ಡ ಪಾಲನ್ನು ಹೂವಿನ ಬಣ್ಣಕ್ಕೂ ಕಣ್ಣಿಗೂ ಕೊಟ್ಟರು. 1968ರಲ್ಲಿ ದೃಷ್ಟಿಯ ಕುರಿತು ಒಂದು ಪುಸ್ತಕವನ್ನೇ ತಂದರು. ಮೂರು ಕೋಶಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಆ ವಾದ ನಿಲ್ಲಲಿಲ್ಲ. ಆದರೆ ಎಂಬತ್ತರ ಹೊಸ್ತಿಲಲ್ಲಿ ಹೂಗಳನ್ನು ಮುಂದಿಟ್ಟುಕೊಂಡು ಅವುಗಳ ಬೆಳಕನ್ನು ಬಿಡಿಸಿ ನೋಡುತ್ತಿದ್ದ ಆ ಶ್ರದ್ಧೆಯನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಮಿದುಳು ತಾಳೆ ನೋಡುತ್ತದೆ ಎಂಬುದಕ್ಕೆ ಪುರಾವೆ ಬೇಕಾದವರು ಸೀರೆ ಅಂಗಡಿಗೆ ಹೋಗಬೇಕು. ಒಳಗೆ ಗಾಜಿನ ಬೀರುವಿನ ಮುಂದೆ ಎಲ್ಲ ದೀಪವೂ ಝಗಝಗಿಸುತ್ತಿರುತ್ತದೆ. ಆದರೂ ಅನುಭವಸ್ಥ ಹೆಂಗಸರು ಇಳಕಲ್ಲಿನ ಕೆಂಪು ಸೆರಗನ್ನು ಬಾಗಿಲವರೆಗೆ ಎಳೆದು ತಂದು, ಬಿಸಿಲಿಗೆ ಹಿಡಿದು, ರವಿಕೆ ಕಣವನ್ನು ಅದರ ಮೇಲಿಟ್ಟು ನೋಡುತ್ತಾರೆ. ದೀಪದ ಕೆಳಗೆ ಒಂದೇ ಎಂದು ಕಂಡ ಎರಡು ಕೆಂಪುಗಳು ಬಿಸಿಲಿನಲ್ಲಿ ಬೇರೆಯಾಗುವುದುಂಟು. ಎರಡು ಬಣ್ಣದ ಪುಡಿಗಳು ಬೆಳಕನ್ನು ಬೇರೆ ಬೇರೆ ರೀತಿ ಮರಳಿಸಿದರೂ ಒಂದು ದೀಪದಡಿ ಮೂರು ಕೋಶಗಳಿಗೂ ಒಂದೇ ಲೆಕ್ಕ ಸಿಗಬಹುದು, ದೀಪ ಬದಲಾದೊಡನೆ ಲೆಕ್ಕ ತಪ್ಪುತ್ತದೆ. ವಿಜ್ಞಾನದ ಪುಸ್ತಕ ಓದದೆಯೇ ಆ ಹೆಂಗಸರಿಗೆ ಇದು ಗೊತ್ತು. ಇದರ ಇನ್ನೊಂದು ಮುಖ 2015ರ ಫೆಬ್ರುವರಿಯಲ್ಲಿ ಜಗತ್ತಿನ ಎಲ್ಲ ಫೋನುಗಳಿಗೂ ಬಂತು. ಒಂದು ಉಡುಪಿನ ಚಿತ್ರ ಕೆಲವರಿಗೆ ನೀಲಿ-ಕಪ್ಪಾಗಿ, ಕೆಲವರಿಗೆ ಬಿಳಿ-ಚಿನ್ನದ ಬಣ್ಣವಾಗಿ ಕಂಡಿತು. ಒಂದೇ ಮನೆಯಲ್ಲಿ, ಒಂದೇ ಪರದೆಯ ಮುಂದೆ ಜಗಳವಾಯಿತು. ಉಡುಪು ನಿಜಕ್ಕೂ ನೀಲಿ-ಕಪ್ಪು. ಚಿತ್ರದಲ್ಲಿ ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬ ಸುಳಿವು ಇರಲಿಲ್ಲ. ನೆರಳಿನಲ್ಲಿದೆ ಎಂದುಕೊಂಡ ಮಿದುಳು ನೀಲಿಯನ್ನು ಕಳೆದು ಬಿಳಿ ಎಂದಿತು, ಹಳದಿ ದೀಪದಡಿ ಇದೆ ಎಂದುಕೊಂಡ ಮಿದುಳು ಹಳದಿಯನ್ನು ಕಳೆದು ನೀಲಿ ಎಂದಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತೇವೆ. ಆದರೆ ಆರೋಗ್ಯವಾದ ಕಣ್ಣೂ ಹೀಗೆ ದಿನವಿಡೀ ಕೂಡಿ ಕಳೆದೇ ಬಣ್ಣ ನೋಡುತ್ತದೆ.

ಹಿತ್ತಿಲಲ್ಲಿ ಕೆಂಪು ದಾಸವಾಳವಿದ್ದರೆ ಇನ್ನೊಂದು ಸಂಗತಿಯನ್ನು ಈ ಸಂಜೆಯೇ ನೋಡಬಹುದು. ಹಗಲಿನಲ್ಲಿ ಹೂ ಎಲೆಗಿಂತ ಎದ್ದು ಕಾಣುತ್ತದೆ. ಹೊತ್ತು ಮುಳುಗಿ ಮಬ್ಬು ಕವಿಯುತ್ತಿದ್ದಂತೆ ಹೂ ಕಪ್ಪಿಡುತ್ತದೆ, ಎಲೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಉಳಿಯುತ್ತದೆ. 1825ರಲ್ಲಿ ಇದನ್ನು ದಾಖಲಿಸಿದವನು ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಹಗಲಿನ ಕೆಲಸ ಶಂಕುಕೋಶಗಳದ್ದು. ಅವು ಒಟ್ಟಾಗಿ ಅತಿ ಚುರುಕಾಗಿ ಕಾಣುವುದು 555 ನ್ಯಾನೋಮೀಟರ್ ಸುಮಾರಿನ ಹಳದಿ-ಹಸಿರನ್ನು. ಕತ್ತಲಲ್ಲಿ ಕೆಲಸ ವಹಿಸಿಕೊಳ್ಳುವ ದಂಡಕೋಶಗಳ ಚುರುಕು 507ರ ಹತ್ತಿರ. ಕೆಂಪು ಅವುಗಳಿಗೆ ಬಹುತೇಕ ಕಾಣುವುದೇ ಇಲ್ಲ. ಹಾಗಾಗಿಯೇ ದೀಪವಿಲ್ಲದ ರಸ್ತೆಯಲ್ಲಿ ಕೆಂಪು ಅಗ್ನಿಶಾಮಕ ವಾಹನ ತನ್ನ ಬಣ್ಣದಿಂದ ಯಾರನ್ನೂ ಎಚ್ಚರಿಸಲಾರದು. ಅಮೆರಿಕದ ಕೆಲವು ಊರುಗಳು ಅದಕ್ಕೆ ನಿಂಬೆಹಳದಿ ಬಳಿದದ್ದು ಇದೇ ಕಾರಣಕ್ಕೆ. ನಮ್ಮ ಶಾಲಾ ಬಸ್ಸುಗಳ ಹಳದಿಯೂ 1939ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಸೈರ್ ಸೇರಿಸಿದ ಒಂದು ಸಭೆಯಿಂದ ಹೊರಟ ಹಳದಿಯೇ.

ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಯೂ ಹೀಗೆ ಕಣ್ಣಿನ ಲೆಕ್ಕದಿಂದ ಬಂದದ್ದು. ಮೊದಲೆಲ್ಲ ಅಲ್ಲಿ ಎಲ್ಲವೂ ಬಿಳಿ. ರಕ್ತವನ್ನೇ ದಿಟ್ಟಿಸಿ ನೋಡಿದ ಸರ್ಜನ್ ಕಣ್ಣೆತ್ತಿದರೆ ಬಿಳಿ ಗೋಡೆ ಕಣ್ಣು ಕುಕ್ಕುತ್ತಿತ್ತು, ಅದರ ಮೇಲೆ ಹಸಿರು ಛಾಯೆಗಳು ತೇಲುತ್ತಿದ್ದವು. 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ಗೋಡೆಯನ್ನೂ ನೆಲವನ್ನೂ ಹಸಿರು ಮಾಡಿಸಿದರು. ದಣಿದ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು, ಛಾಯೆ ಹಸಿರಿನಲ್ಲಿ ಕರಗಿತು. ಬಣ್ಣ ಮನುಷ್ಯನ ಕೆಲಸವನ್ನು ಸುಧಾರಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ. ಹಸಿರಿಗೆ ಶಾಂತಿಯ ಗುಣವಿದೆ ಎಂದು ಯಾರೂ ನಂಬಬೇಕಾಗಿಲ್ಲ.

ದೇಹದ ಮೇಲೆ ನೇರವಾಗಿ ಕೆಲಸ ಮಾಡುವ ಬಣ್ಣವೊಂದಿದ್ದರೆ ಅದು ನೀಲಿ. ಅಕ್ಷಿಪಟಲದಲ್ಲಿ ಚಿತ್ರ ಕಾಣಿಸುವ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವಸ್ತುವಿರುವ ಕೆಲವು ನರಕೋಶಗಳೂ ಬೆಳಕಿಗೆ ಸ್ಪಂದಿಸುತ್ತವೆ ಎಂದು 2002ರಲ್ಲಿ ಸ್ಪಷ್ಟವಾಯಿತು. 480 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ ಅವು ಎಚ್ಚರಗೊಂಡು, ಈಗ ಹಗಲು ಎಂದು ದೇಹದ ಗಡಿಯಾರಕ್ಕೆ ತಿಳಿಸುತ್ತವೆ. ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಸ್ರವಿಸುವುದು ತಗ್ಗುತ್ತದೆ. ಪೂರ್ತಿ ಕುರುಡಾದ ಕೆಲವರಲ್ಲಿಯೂ ಈ ಕೋಶಗಳು ಕೆಲಸ ಮಾಡುತ್ತಿರುತ್ತವೆ. ಈ ಸಂಗತಿ ಗಟ್ಟಿ. ಅದರ ಬೆನ್ನಿಗೆ ಬಂದ ‘ನೀಲಿ ತಡೆಯುವ’ ಕನ್ನಡಕದ ವ್ಯಾಪಾರಕ್ಕೆ ಅಷ್ಟು ಗಟ್ಟಿ ನೆಲವಿಲ್ಲ. ಬಣ್ಣದಷ್ಟೇ ಬೆಳಕಿನ ಪ್ರಮಾಣವೂ ಹೊತ್ತೂ ಮುಖ್ಯ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್, ಮನೆಯೊಳಗಿನ ದೀಪ ಕೆಲವು ನೂರು. ಬೆಳಿಗ್ಗೆ ಅಂಗಳದಲ್ಲಿ ಅರ್ಧ ಗಂಟೆ ಅಡ್ಡಾಡುವುದು ದೇಹದ ಗಡಿಯಾರಕ್ಕೆ ಕನ್ನಡಕಕ್ಕಿಂತ ಹೆಚ್ಚು ನೆರವಾಗುತ್ತದೆ.

ಇನ್ನು ಮನಸ್ಸಿನ ಮಾತು. ಇಲ್ಲಿಂದ ಮುಂದೆ ನೆಲ ಜಾರುತ್ತದೆ.

1979ರಲ್ಲಿ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯೊಂದರಲ್ಲಿ ಒಂದು ಕೋಣೆಗೆ ಗಾಢ ಗುಲಾಬಿ ಬಳಿದರು. ಅದಕ್ಕೆ ಪ್ರೇರಣೆ ಅಲೆಕ್ಸಾಂಡರ್ ಶಾಸ್ ಎಂಬ ಸಂಶೋಧಕ; ಒಪ್ಪಿಗೆ ಕೊಟ್ಟ ಇಬ್ಬರು ಅಧಿಕಾರಿಗಳ ಹೆಸರಿನಲ್ಲೇ ಅದು ‘ಬೇಕರ್-ಮಿಲ್ಲರ್ ಗುಲಾಬಿ’ ಆಯಿತು. ಹದಿನೈದು ನಿಮಿಷ ಆ ಕೋಣೆಯಲ್ಲಿ ಕೂರಿಸಿದರೆ ಎಂಥ ಸಿಡುಕನೂ ತಣ್ಣಗಾಗುತ್ತಾನೆ ಎಂಬ ಸುದ್ದಿ ಹರಡಿತು. ಅನೇಕ ಜೈಲುಗಳು ಗುಲಾಬಿಯಾದವು. ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಎದುರಾಳಿ ತಂಡ ಬಟ್ಟೆ ಬದಲಿಸುವ ಕೋಣೆಗೂ ಗುಲಾಬಿ ಬಂತು. ಆದರೆ ಮೊದಲ ವರದಿಗಳಲ್ಲಿ ಹೋಲಿಸಿ ನೋಡುವ ವ್ಯವಸ್ಥೆ ಸಡಿಲವಾಗಿತ್ತು. ಹೊಸ ಬಣ್ಣ ಬಳಿದ ಜೈಲಿನಲ್ಲಿ ಸಿಬ್ಬಂದಿಯ ನಡವಳಿಕೆಯೂ ಬದಲಾಗಿರಬಹುದಲ್ಲವೆ? 2015ರಲ್ಲಿ ಸ್ವಿಟ್ಜರ್ಲೆಂಡಿನ ಜೈಲೊಂದರಲ್ಲಿ ಕೈದಿಗಳನ್ನು ಗುಲಾಬಿ ಕೋಣೆಗೂ ಸಾಮಾನ್ಯ ಕೋಣೆಗೂ ಹಂಚಿ ಹಾಕಿ ನಡೆಸಿದ ಪರೀಕ್ಷೆಯಲ್ಲಿ ಸಿಟ್ಟು ಇಳಿದದ್ದು ಕಾಣಲಿಲ್ಲ. ಬಂಧನದಲ್ಲಿರುವ ಮನುಷ್ಯನ ಕೋಪಕ್ಕೆ ಕಾರಣಗಳಿರುತ್ತವೆ. ಆ ಕಾರಣಗಳನ್ನು ಕೇಳುವ ಬದಲು ಗೋಡೆಗೆ ಬಣ್ಣ ಬಳಿಯುವುದು ಅಗ್ಗವಾದ್ದರಿಂದಲೇ ಈ ನಂಬಿಕೆ ಇಷ್ಟು ದೂರ ಹೋಯಿತು ಎಂದು ನನ್ನ ಅನಿಸಿಕೆ.

ಕೆಂಪಿನ ಕತೆ ಇದಕ್ಕಿಂತ ಕುತೂಹಲದ್ದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್, ಟೇಕ್ವಾಂಡೊ ಮತ್ತು ಎರಡು ಬಗೆಯ ಕುಸ್ತಿಯಲ್ಲಿ ಯಾರಿಗೆ ಕೆಂಪು, ಯಾರಿಗೆ ನೀಲಿ ಎಂಬುದು ಆಟಗಾರರ ಆಯ್ಕೆಯಾಗಿರಲಿಲ್ಲ. ಫಲಿತಾಂಶ ಲೆಕ್ಕ ಹಾಕಿದ ಬ್ರಿಟನ್ನಿನ ರಸೆಲ್ ಹಿಲ್ ಮತ್ತು ರಾಬರ್ಟ್ ಬಾರ್ಟನ್, ಕೆಂಪು ತೊಟ್ಟವರು ನೂರಕ್ಕೆ ಸುಮಾರು 55 ಪಂದ್ಯ ಗೆದ್ದಿದ್ದಾರೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೆಂಪು ತೊಟ್ಟವನಿಗೆ ಕಸುವು ಬರುತ್ತದೆಯೇ, ಎದುರಾಳಿ ಅಳುಕುತ್ತಾನೆಯೇ? 2008ರಲ್ಲಿ ಜರ್ಮನಿಯ ಸಂಶೋಧಕರು ಬೇರೆಯೇ ದಿಕ್ಕಿಗೆ ಬೆರಳು ತೋರಿಸಿದರು. ಟೇಕ್ವಾಂಡೊ ಪಂದ್ಯದ ವಿಡಿಯೊಗಳಲ್ಲಿ ಉಡುಪಿನ ಬಣ್ಣವನ್ನು ಕಂಪ್ಯೂಟರಿನಲ್ಲಿ ಅದಲುಬದಲು ಮಾಡಿ 42 ತೀರ್ಪುಗಾರರಿಗೆ ತೋರಿಸಿದರು. ಅದೇ ಒದೆತ, ಅದೇ ಹೊಡೆತ. ಕೆಂಪಾದಾಗ ಸಿಕ್ಕ ಅಂಕ ನೂರಕ್ಕೆ 13ರಷ್ಟು ಹೆಚ್ಚು. ಬಣ್ಣ ಕೆಲಸ ಮಾಡಿದ್ದು ಕಣದಲ್ಲಿ ಸೆಣಸುವವನ ಮೇಲಲ್ಲ, ಹೊರಗೆ ಕೂತು ಅಂಕ ಕೊಡುವವನ ಮೇಲೆ. ಮುಂದೆ ಟೇಕ್ವಾಂಡೊದಲ್ಲಿ ಎದೆಕವಚವೇ ಅಂಕ ದಾಖಲಿಸುವ ವ್ಯವಸ್ಥೆ ಬಂತು, ವಿಡಿಯೊ ಮರುಪರಿಶೀಲನೆಯೂ ಬಂತು. ನಂತರದ ದೊಡ್ಡ ಲೆಕ್ಕಾಚಾರಗಳಲ್ಲಿ ಕೆಂಪಿನ ಮೇಲುಗೈ ಬಹುಮಟ್ಟಿಗೆ ಕರಗಿಹೋಗಿದೆ. ನ್ಯಾಯದ ಪದ್ಧತಿ ಸರಿಯಾದಲ್ಲಿ ಬಣ್ಣದ ಆಟಕ್ಕೆ ಜಾಗ ಸಿಗುವುದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಕರಣವನ್ನು ನಾನು ಕಂಡಿಲ್ಲ.

ಕೆಂಪು ಕಂಡರೆ ಕೆರಳುತ್ತದೆ ಎನ್ನುವ ಗೂಳಿಯ ವಿಚಾರ ಒಂದೇ ಸಾಲಿನದು. ಅದಕ್ಕೆ ಕೆಂಪನ್ನು ಬೇರೆಯಾಗಿ ಗುರುತಿಸುವ ಕೋಶವಿಲ್ಲ. ಅದು ನುಗ್ಗುವುದು ಬೀಸುವ ಬಟ್ಟೆಯ ಚಲನೆಗೆ. ಪರೀಕ್ಷೆಗೆ ಮುಂಚೆ ಕೆಂಪು ಕಂಡರೆ ಅಂಕ ಇಳಿಯುತ್ತದೆ ಎಂದು 2007ರಲ್ಲಿ, ನೀಲಿ ಹಿನ್ನೆಲೆ ಸೃಜನಶೀಲತೆ ಹೆಚ್ಚಿಸುತ್ತದೆ ಎಂದು 2009ರಲ್ಲಿ ಹೆಸರಾಂತ ಪತ್ರಿಕೆಗಳಲ್ಲೇ ಬಂದಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಇಂಥ ಫಲಿತಾಂಶಗಳು ಹಲವು ಬಾರಿ ಕೈಗೆ ಸಿಗಲಿಲ್ಲ. ಮನಶ್ಶಾಸ್ತ್ರದಲ್ಲಿ ಈ ಹದಿನೈದು ವರ್ಷ ನಡೆದ ಮರುಪರೀಕ್ಷೆಗಳ ಗಾಳಿಗೆ ತೂರಿಹೋದವುಗಳಲ್ಲಿ ಬಣ್ಣದ ಸಂಶೋಧನೆಯ ಪಾಲು ದೊಡ್ಡದು. ಆದರೆ ಮಾತ್ರೆಯ ಬಣ್ಣ ಹಾಗಲ್ಲ. 1972ರಲ್ಲಿ ಸಿನ್ಸಿನಾಟಿಯ ವೈದ್ಯ ವಿದ್ಯಾರ್ಥಿಗಳಿಗೆ ಔಷಧವೇ ಇಲ್ಲದ ಗುಲಾಬಿ, ನೀಲಿ ಮಾತ್ರೆಗಳನ್ನು ಕೊಟ್ಟು, ಇವುಗಳಲ್ಲಿ ಕೆಲವು ಚುರುಕು ತರುತ್ತವೆ, ಕೆಲವು ಮಂಕು ತರುತ್ತವೆ ಎಂದಿದ್ದರು. ನೀಲಿ ನುಂಗಿದವರಿಗೆ ಹೆಚ್ಚು ತೂಕಡಿಕೆ ಬಂತು. ಗೋಡೆಯ ಬಣ್ಣಕ್ಕೆ ಇಲ್ಲದ ಶಕ್ತಿ ಮಾತ್ರೆಯ ಬಣ್ಣಕ್ಕೆ ಹೇಗೆ ಬಂತು? ಮಾತ್ರೆ ನುಂಗುವವನಲ್ಲಿ ಏನೋ ಆಗಲಿದೆ ಎಂಬ ನಿರೀಕ್ಷೆ ಮೊದಲೇ ಇರುತ್ತದೆ. ಯಾವ ಕಡೆಗೆ ಎಂಬುದನ್ನು ಮಾತ್ರ ಬಣ್ಣ ಹೇಳುತ್ತದೆ.

ಹಾಗಾದರೆ ಬಣ್ಣದ ಅರ್ಥಗಳು ಎಲ್ಲ ಕಡೆಯೂ ಒಂದೆಯೇ? 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 30 ದೇಶಗಳ 4,598 ಮಂದಿಯನ್ನು 12 ಬಣ್ಣಗಳು ಯಾವ ಭಾವನೆ ತರುತ್ತವೆ ಎಂದು ಕೇಳಿತ್ತು. ಉತ್ತರಗಳು ಬಹಳ ಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು. ಕಪ್ಪು ದುಃಖದ್ದು, ಕೆಂಪು ಪ್ರೀತಿಗೂ ಸಿಟ್ಟಿಗೂ ಸಲ್ಲುತ್ತದೆ. ಬಿಳಿಯಲ್ಲಿ ಚೀನೀಯರು ದುಃಖ ಕಂಡಷ್ಟು ಬೇರೆಯವರು ಕಾಣಲಿಲ್ಲ. ಆದರೆ ಇದು ಬಣ್ಣದ ಹೆಸರು ಕೇಳಿದಾಗ ಮನಸ್ಸಿಗೆ ಬರುವ ಮಾತಿನ ಸಮೀಕ್ಷೆ, ಬಣ್ಣ ಕಂಡಾಗ ಜನ ನಡೆದುಕೊಳ್ಳುವ ರೀತಿಯದ್ದಲ್ಲ. ನಡೆದುಕೊಳ್ಳುವ ರೀತಿಗೆ ನಮ್ಮ ಮನೆಗಳ ಚರಿತ್ರೆಯನ್ನೇ ನೋಡಬೇಕು. ಕೆಂಪು ಸೀರೆ ಎಂದರೆ ಮದುಮಗಳು, ಬಿಳಿ ಎಂದರೆ ವೈಧವ್ಯ ಎಂದು ಸಿನಿಮಾ ಕಲಿಸಿದೆ. ಆದರೆ ಕರ್ನಾಟಕದ ಅನೇಕ ಮನೆಗಳಲ್ಲಿ ಧಾರೆಗೆ ಉಡುವುದು ಬಿಳಿಯ ಒಡಲಿನ ಸೀರೆ. ಹಲವು ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ, ಕೈಬಳೆ ಒಡೆದು ಉಡಿಸುತ್ತಿದ್ದದ್ದು ಕೆಂಪು ಸೀರೆ. ಎರಡು ತಲೆಮಾರಿನ ಹಿಂದಿನವರಿಗೆ ಅಡುಗೆಮನೆಯ ಮೂಲೆಯ ಆ ಮಾಸಲು ಕೆಂಪು ಚೆನ್ನಾಗಿ ನೆನಪಿದೆ. ಶುಭಕಾರ್ಯದ ದಿನ ಆ ಕೆಂಪು ಎದುರಿಗೆ ಬಂದರೆ ಅಪಶಕುನ ಎಂದು ದೂರ ಇಡುತ್ತಿದ್ದರು. ಅದೇ ಮನೆಯಲ್ಲಿ ಕುಂಕುಮದ ಕೆಂಪು ಮಂಗಳ. ಅರ್ಥ ಬಣ್ಣದಲ್ಲಿರಲಿಲ್ಲ, ಅದನ್ನು ಹೊರಿಸಿದವರ ಕೈಯಲ್ಲಿತ್ತು.

ಮೈಬಣ್ಣದ ವಿಷಯಕ್ಕೆ ಬಂದರೆ ಈ ಹೊರಿಸುವಿಕೆಯ ಕ್ರೌರ್ಯ ಇನ್ನೂ ನಿಚ್ಚಳ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಪುಟ್ಟ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ಟರೆ ಮತ್ತೆಲ್ಲ ಒಂದೇ ಆಗಿದ್ದ ಬೊಂಬೆಗಳನ್ನಿಟ್ಟು ಒಳ್ಳೆಯದು ಯಾವುದು ಎಂದು ಕೇಳಿದಾಗ ಬಹುಪಾಲು ಮಕ್ಕಳು ಬಿಳಿಯದನ್ನು ತೋರಿಸಿದರು. ನಿನ್ನ ಹಾಗಿರುವುದು ಯಾವುದು ಎಂಬ ಪ್ರಶ್ನೆಗೆ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಈ ಸಂಶೋಧನೆಯ ಉಲ್ಲೇಖವಿದೆ. ನಮ್ಮಲ್ಲಿ 1975ರಿಂದ ಮಾರಾಟವಾದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮು 2020ರಲ್ಲಿ ಹೆಸರು ಬದಲಿಸಿಕೊಂಡಿತು. ವಧೂವರರ ಅಂಕಣದಲ್ಲಿ ‘ಬೆಳ್ಳಗಿರುವ ವಧು ಬೇಕು’ ಎಂಬುದು ಮಾತ್ರ ಹೋಗಿಲ್ಲ. ಕರಿಯಮ್ಮನಿಗೆ ಕೈಮುಗಿದು, ಮಗನಿಗೆ ಕರಿಯಪ್ಪ ಎಂದು ಹೆಸರಿಟ್ಟ ನಾಡು ಇದು. ಮೊಮ್ಮಗು ಹುಟ್ಟಿದ ಆಸ್ಪತ್ರೆಯಲ್ಲಿ ಹೆಣ್ಣೋ ಗಂಡೋ ಎಂದು ಕೇಳಿದ ಮರುಗಳಿಗೆಯಲ್ಲೇ ಬಣ್ಣ ಹೇಗಿದೆ ಎಂದು ಕೇಳುವುದು ಯಾವ ಶಂಕುಕೋಶದ ಕೆಲಸವೂ ಅಲ್ಲ. ನನ್ನ ಮಟ್ಟಿಗೆ ಬಣ್ಣ ಮತ್ತು ನಡವಳಿಕೆಯ ಅಧ್ಯಯನದಲ್ಲಿ ಇದಕ್ಕಿಂತ ತುರ್ತಿನ ವಿಷಯ ಬೇರೊಂದಿಲ್ಲ. ಗೋಡೆಯ ಬಣ್ಣಕ್ಕೆ ಕೊಟ್ಟ ಗಮನದ ಕಾಲುಭಾಗವಾದರೂ ಇದಕ್ಕೆ ಸಲ್ಲಬೇಕಿತ್ತು.

ಬಣ್ಣವನ್ನು ನಂಬಿ ವ್ಯವಸ್ಥೆ ಕಟ್ಟುವಾಗ ಮರೆತುಹೋಗುವವರು ಬೇರೆ ಇದ್ದಾರೆ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ಕಾಣದು; ಭಾರತದಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆಯಾದರೂ ಜನಸಂಖ್ಯೆಯ ಲೆಕ್ಕದಲ್ಲಿ ಅವರು ಕೋಟಿಗಟ್ಟಲೆ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಕೂಡ ಈ ಭೇದ ಕಾಣದವರಲ್ಲೊಬ್ಬ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಎಂದು 1794ರಲ್ಲಿ ಊಹಿಸಿದ್ದ ಆತ, ಸತ್ತ ಮೇಲೆ ಕಣ್ಣು ತೆಗೆದು ನೋಡಿ ಎಂದು ಹೇಳಿಹೋಗಿದ್ದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿತ್ತು. ಜೋಪಾನ ಮಾಡಿದ್ದ ಆ ಕಣ್ಣಿನ ಡಿಎನ್‌ಎ 1995ರಲ್ಲಿ ಉತ್ತರ ಕೊಟ್ಟಿತು. ಮೂರರಲ್ಲಿ ಒಂದು ಬಗೆಯ ಶಂಕುಕೋಶದ ವರ್ಣದ್ರವ್ಯವೇ ಅವನಿಗಿರಲಿಲ್ಲ.

ಬಿಸ್ಕತ್ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಹಾಕುವ ನಿಯಮ ಬಂದಾಗ ಇಂಥವರಿಗೆ ಎರಡು ಚುಕ್ಕೆಯೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತಿದ್ದವು. 2020ರ ನಿಯಮದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನವಾಗಿಸಿತು. ಸಣ್ಣ ತಿದ್ದುಪಡಿ, ಆದರೆ ಸರಿಯಾದದ್ದು. ಇದೇ ವಿವೇಕ ನಮ್ಮ ಮೆಟ್ರೊಗೂ ಬೇಕಾಗಿದೆ. ಬೆಂಗಳೂರಿನಲ್ಲಿ ಮಾರ್ಗಗಳಿಗೆ ಇಟ್ಟಿರುವುದು ಬಣ್ಣದ ಹೆಸರು. ನೇರಳೆ, ಹಸಿರು, ಹಳದಿಯ ಜೊತೆಗೆ ಗುಲಾಬಿ, ನೀಲಿ ಮಾರ್ಗಗಳೂ ಯೋಜನೆಯಲ್ಲಿವೆ. ಕೆಂಪು ಸರಿಯಾಗಿ ಕಾಣದವನಿಗೆ ನೇರಳೆಯಲ್ಲಿ ಉಳಿಯುವುದು ನೀಲಿ ಮಾತ್ರ. ನಕ್ಷೆಯ ಮುಂದೆ ನಿಂತಾಗ ನೇರಳೆ ಗೆರೆ ಯಾವುದು, ನೀಲಿ ಗೆರೆ ಯಾವುದು ಎಂದು ಅವನು ಪಕ್ಕದವರನ್ನು ಕೇಳಬೇಕು. ಪ್ರತಿ ಗೆರೆಯ ಮೇಲೂ ಬಣ್ಣದ ಜೊತೆಗೆ ಒಂದು ಅಂಕಿ ಬರೆದರೆ ಸಾಕು, ಆ ಕೆಲಸವನ್ನು ಫಲಕಗಳು ಅಚ್ಚಾಗುವ ಮೊದಲೇ ಮಾಡಬಹುದು.